ಮೈಕ್ ದನಿ ಸಣ್ಣ, ಹಿಂದೆ ಗುಂಯ್ ಸದ್ದು, ತಂಬೂರಿ ಮಾಯ: ಮನೆಯ ಡೆಸ್ಕ್‌ಟಾಪಿನಲ್ಲಿ ರೆಕಾರ್ಡಿಂಗ್ ಸರಿಪಡಿಸುವುದು ಹೇಗೆ?

ಪಂಚಮ
ಎಲ್ಲರಿಗೂ ನಮಸ್ಕಾರ. ಮನೆಯ ಡೆಸ್ಕ್‌ಟಾಪಿನಲ್ಲಿ ದೇವರನಾಮಗಳನ್ನು ರೆಕಾರ್ಡ್ ಮಾಡಬೇಕಿದೆ. ಇರುವ ಸಾಮಾನು: ವಿಂಡೋಸ್ 11, ಮದರ್‌ಬೋರ್ಡಿನದೇ ಸೌಂಡ್, ಬಿಎಂ 800 ಎಂಬ ಹೆಸರಿನಲ್ಲಿ ಹಲವು ಕಂಪನಿಗಳು ಮಾರುವ ಕಂಡೆನ್ಸರ್ ಮೈಕ್, ಅದರ ಜೊತೆಗೇ ಬಂದ 3.5 ಎಂಎಂ ಪಿನ್ನಿನ ಕೇಬಲ್, ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್. ನನ್ನ ಶ್ರುತಿ (ಆಧಾರ ಸ್ವರ) ಜಿ. ತಂಬೂರಿಯನ್ನು ಮೊಬೈಲ್ ಆಪಿನಿಂದ ಚಿಕ್ಕ ಸ್ಪೀಕರಿನಲ್ಲಿ ಹಾಕಿಕೊಳ್ಳುತ್ತೇನೆ.

ತೊಂದರೆ ಹೀಗಿದೆ. ಗಟ್ಟಿಯಾಗಿ ಹಾಡಿದರೂ ಮೀಟರ್ -36 ಡಿಬಿ (0 ಎಂದರೆ ಗರಿಷ್ಠ) ದಾಟುವುದಿಲ್ಲ. ವಿಂಡೋಸಿನ ಮೈಕ್ ಬೂಸ್ಟ್ ಏರಿಸಿದರೆ ದನಿಯ ಜೊತೆ ಸುಯ್ ಎನ್ನುವ ಸದ್ದೂ ಗುಂಯ್ ಎನ್ನುವ ಸದ್ದೂ ಏರುತ್ತವೆ. ತಂಬೂರಿಯಂತೂ ಮೊದಲ ಎರಡು ಮೂರು ಸೆಕೆಂಡು ಕೇಳಿ ಆಮೇಲೆ ಕರಗಿಹೋಗುತ್ತದೆ. ಹಾಡು ನಿಲ್ಲಿಸಿದ ಕೂಡಲೇ ದನಿಯ ಬಾಲವೂ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಎಲ್ಲಿಂದ ಶುರು ಮಾಡಲಿ?

ಮೂರು_ಪಿನ್
ಮೇಡಂ, ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಮೂರು ಚಿಕ್ಕ ಫೈಲ್ ಮಾಡಿಕೊಳ್ಳಿ, ಪ್ರತಿಯೊಂದೂ 20 ಸೆಕೆಂಡು. ಮೊದಲನೆಯದರಲ್ಲಿ ಮೈಕಿನ ಪಿನ್ ಕಂಪ್ಯೂಟರಿನಿಂದ ಪೂರ್ತಿ ಹೊರಗಿರಲಿ. ಎರಡನೆಯದರಲ್ಲಿ ಮೈಕ್ ಹಾಕಿ, ಫ್ಯಾನ್ ಆರಿಸಿ, ತಂಬೂರಿ ನಿಲ್ಲಿಸಿ, ಸುಮ್ಮನಿರಿ. ಮೂರನೆಯದರಲ್ಲಿ ಹಾಡಿ.

ಆಮೇಲೆ ಒಂದೊಂದನ್ನೂ ಆಯ್ಕೆ ಮಾಡಿ ಆಡಾಸಿಟಿಯ ಅನಲೈಸ್ ಮೆನುವಿನ ಮೆಷರ್ ಆರ್‌ಎಂಎಸ್ (ಸದ್ದಿನ ಸರಾಸರಿ ಮಟ್ಟ) ಒತ್ತಿ, ಅಂಕಿ ಬರೆದಿಡಿ. ಮೊದಲ ಫೈಲಿನಲ್ಲಿ ಇರುವುದು ಮದರ್‌ಬೋರ್ಡಿನ ಸ್ವಂತ ಗದ್ದಲ. ಎರಡನೆಯದರಲ್ಲಿ ಅದರ ಮೇಲೆ ಮೈಕು, ಕೇಬಲ್ಲು, ಅರ್ಥಿಂಗ್, ಕೋಣೆ ಇವು ಸೇರಿಕೊಂಡಿರುತ್ತವೆ. ಒಂದಕ್ಕೂ ಎರಡಕ್ಕೂ ಅಂತರ ಇಲ್ಲದಿದ್ದರೆ ಮೈಕ್ ಬದಲಿಸಿ ಪ್ರಯೋಜನವಿಲ್ಲ, ಗದ್ದಲ ಒಳಗಡೆಯದು. ಎರಡನೆಯದರಲ್ಲಿ ಧುತ್ತೆಂದು ಏರಿದರೆ ಹೊರಗೆ ಹುಡುಕಬೇಕು. ನಾಲ್ಕು ತೊಂದರೆಗೆ ನಾಲ್ಕು ಬೇರೆ ಬೇರೆ ಕಾರಣ ಇರಬಹುದು. ಒಟ್ಟಿಗೆ ಎಲ್ಲವನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದೇ ತಿಳಿಯುವುದಿಲ್ಲ.

ಕರಾವಳಿ_ಕೇಳುಗ
ತಂಬೂರಿ ಕರಗುವುದಕ್ಕೆ ಕಾರಣ ಈಗಲೇ ಹೇಳಬಹುದು. ವಿಂಡೋಸ್ ಅಥವಾ ಸೌಂಡ್ ಡ್ರೈವರಿನ ನಾಯ್ಸ್ ಸಪ್ರೆಶನ್ ಚಾಲೂ ಇದೆ. ಅದು ಮಾತಿಗಾಗಿ ಮಾಡಿದ್ದು. ಏರಿಳಿತವಿಲ್ಲದೆ ಒಂದೇ ಸಮ ಬರುವ ಸದ್ದೆಲ್ಲ ಅದರ ಲೆಕ್ಕದಲ್ಲಿ ಫ್ಯಾನು, ಎಸಿ. ತಂಬೂರಿಯ ನಾದವೂ ಒಂದೇ ಸಮ ಇರುವುದರಿಂದ ಎರಡು ಮೂರು ಸೆಕೆಂಡು ಗಮನಿಸಿ ಅದನ್ನೂ ಒರೆಸಿಹಾಕುತ್ತದೆ. ದೀರ್ಘವಾಗಿ ಎಳೆದ ಷಡ್ಜ, ಪಂಚಮಗಳನ್ನೂ ತಿನ್ನುತ್ತದೆ. ನೀವು ಹೇಳಿದ ಬಾಲ ಕತ್ತರಿಸುವ ಲಕ್ಷಣವೂ ಅದರದ್ದೇ.

ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್‌ಗೆ ಹೋಗಿ ಇನ್‌ಪುಟ್ ಕೆಳಗೆ ನಿಮ್ಮ ಮೈಕಿನ ಹೆಸರನ್ನು ಒತ್ತಿ. ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್ ಎಂಬಲ್ಲಿ ಆಫ್ ಮಾಡಿ. ಅಷ್ಟಕ್ಕೇ ಬಿಡಬೇಡಿ. ಮದರ್‌ಬೋರ್ಡಿನ ಸೌಂಡಿಗೆ ರಿಯಲ್‌ಟೆಕ್ ಕನ್ಸೋಲ್ ಎಂಬ ಪ್ರತ್ಯೇಕ ಆಪ್ ಇದ್ದರೆ ಅದರಲ್ಲೂ ನಾಯ್ಸ್ ಸಪ್ರೆಶನ್, ಅಕೌಸ್ಟಿಕ್ ಎಕೊ ಕ್ಯಾನ್ಸಲೇಶನ್ ಎಂಬ ಎರಡು ಸ್ವಿಚ್ ಇರುತ್ತವೆ, ಎರಡನ್ನೂ ತೆಗೆಯಿರಿ. ತಂಬೂರಿಯನ್ನು ಕಂಪ್ಯೂಟರಿನ ಸ್ಪೀಕರಿನಲ್ಲೇ ಹಾಕುವವರಿಗೆ ಎಕೊ ಕ್ಯಾನ್ಸಲೇಶನ್ ಇನ್ನೂ ದೊಡ್ಡ ಶತ್ರು. ಸ್ಪೀಕರಿಗೆ ಹೋದದ್ದನ್ನೇ ಮೈಕಿನಿಂದ ಕಳೆಯುವುದು ಅದರ ಕೆಲಸ.

ಆನ್‌ಲೈನ್ ಸಂಗೀತ ಪಾಠ ಮಾಡುವವರಿಗೂ ಇದೇ ಮಾತು. ಜೂಮ್‌ನಲ್ಲಿ ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್ ಆನ್ ಮಾಡದಿದ್ದರೆ ಗುರುಗಳಿಗೆ ಶಿಷ್ಯರ ಶ್ರುತಿ ಕೇಳುವುದೇ ಇಲ್ಲ.

ತುಮಕೂರು_ಹೊಸಬ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ಸದ್ದೇ ಬರುತ್ತಿಲ್ಲ. ಆಡಾಸಿಟಿಯಲ್ಲಿ ಅಡ್ಡಗೆರೆ ಮಾತ್ರ. ಮೊಬೈಲ್ ಜೊತೆ ಬರುವ ತರಹದ ಇಯರ್‌ಫೋನ್ ಮೈಕನ್ನು ಹಿಂದಿನ ಗುಲಾಬಿ ಜ್ಯಾಕಿಗೆ ಹಾಕಿದ್ದೇನೆ.

ಮೂರು_ಪಿನ್
ಮೊಬೈಲ್ ಇಯರ್‌ಫೋನಿನ ಪಿನ್ ನೋಡಿ, ಮೂರು ಕಪ್ಪು ಉಂಗುರ, ನಾಲ್ಕು ಲೋಹದ ಭಾಗ ಇರುತ್ತವೆ. ಡೆಸ್ಕ್‌ಟಾಪಿನ ಗುಲಾಬಿ ಜ್ಯಾಕಿಗೆ ಬೇಕಾದದ್ದು ಎರಡು ಉಂಗುರ, ಮೂರು ಭಾಗದ ಪಿನ್. ನಿಮ್ಮ ಪಿನ್ನಿನಲ್ಲಿ ಮೈಕಿನ ಸಂಪರ್ಕ ಬುಡದ ಕಡೆ ಇದೆ, ಜ್ಯಾಕ್ ಅದನ್ನು ತುದಿಯಲ್ಲಿ ಹುಡುಕುತ್ತದೆ. ಒಂದು ಹೆಣ್ಣು ಜ್ಯಾಕ್, ಎರಡು ಗಂಡು ಪಿನ್ ಇರುವ ವೈ ಆಕಾರದ ಸ್ಪ್ಲಿಟರ್ ತನ್ನಿ. ಅಂಗಡಿಯಲ್ಲಿ ಎರಡು ಇಯರ್‌ಫೋನ್ ಹಾಕುವ ಸ್ಪ್ಲಿಟರನ್ನು ಕೊಟ್ಟುಬಿಡುತ್ತಾರೆ, ಅದು ಬೇಡ. ಪಿನ್‌ಗಳ ಮೇಲೆ ಮೈಕ್ ಮತ್ತು ಹೆಡ್‌ಫೋನ್ ಚಿತ್ರ ಇರುವುದೇ ಆಗಬೇಕು. ಹೆಡ್‌ಫೋನ್ ಪಿನ್ ಹಸಿರಿಗೆ, ಮೈಕ್ ಪಿನ್ ಗುಲಾಬಿಗೆ. ನೀಲಿ ಜ್ಯಾಕ್ ಲೈನ್ ಇನ್, ಅಲ್ಲಿ ಮೈಕ್ ಹಾಕಬಾರದು.

ಅದಾದ ಮೇಲೂ ಅಡ್ಡಗೆರೆಯೇ ಬಂದರೆ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಮೈಕ್ರೊಫೋನ್ ತೆರೆಯಿರಿ. ಮೇಲಿನ ಸ್ವಿಚ್ ಆನ್ ಇದ್ದರೆ ಸಾಲದು. ಪುಟದ ಕೊನೆಗೆ ಡೆಸ್ಕ್‌ಟಾಪ್ ಆಪ್‌ಗಳಿಗೆ ಅಂತ ಬೇರೆಯೇ ಸ್ವಿಚ್ ಇದೆ, ಆಡಾಸಿಟಿಗೆ ಬೇಕಾದದ್ದು ಅದು. ಆಡಾಸಿಟಿ ತೆರೆದ ಮೇಲೆ ಮೈಕ್ ಸಿಕ್ಕಿಸಿದ್ದರೆ ಟ್ರಾನ್ಸ್‌ಪೋರ್ಟ್ ಮೆನುವಿನಲ್ಲಿ ರೀಸ್ಕ್ಯಾನ್ ಆಡಿಯೊ ಡಿವೈಸಸ್ ಒತ್ತುವವರೆಗೆ ಅದರ ಹೆಸರು ಪಟ್ಟಿಗೆ ಬರುವುದಿಲ್ಲ.

ತುಮಕೂರು_ಹೊಸಬ
ಸ್ಪ್ಲಿಟರ್ ಹಾಕಿದ ಮೇಲೆ ಬಂತು ಸರ್. ಧನ್ಯವಾದ.

ಪಂಚಮ
ಎನ್‌ಹ್ಯಾನ್ಸ್‌ಮೆಂಟ್ ಆಫ್ ಮಾಡಿದೆ. ರಿಯಲ್‌ಟೆಕ್ ಆಪಿನಲ್ಲೂ ಎರಡು ಸ್ವಿಚ್ ತೆಗೆದೆ. ತಂಬೂರಿ ಈಗ ಕೊನೆಯವರೆಗೂ ಕೇಳುತ್ತದೆ. ಆದರೆ ಗುಂಯ್ ಸದ್ದು ಮೊದಲಿಗಿಂತ ಜೋರಾಗಿದೆ. ಇನ್ನೊಂದು ವಿಚಿತ್ರವೆಂದರೆ ತಂಬೂರಿಯ ಮಂದ್ರ ತಂತಿ ಅಲೆಅಲೆಯಾಗಿ ಏರಿ ಇಳಿದಂತೆ ಕೇಳುತ್ತದೆ. ಮೊಬೈಲಿನಲ್ಲಿ ನೇರವಾಗಿ ಕೇಳಿದರೆ ಹಾಗಿಲ್ಲ.

ಮೂರು ಫೈಲಿನ ಅಂಕಿ: ಮೈಕ್ ಇಲ್ಲದೆ -62, ಮೈಕ್ ಹಾಕಿ ಸುಮ್ಮನಿದ್ದಾಗ -41, ಹಾಡಿದಾಗ -29. ಬೂಸ್ಟ್ 20 ಡಿಬಿಯಲ್ಲಿತ್ತು.

ಸಾಧನಾ_ಕೋಣೆ
ಆ ಅಲೆಗೆ ಕಾರಣ ನಿಮ್ಮ ಶ್ರುತಿಯಲ್ಲೇ ಇದೆ. ಜಿ ಶ್ರುತಿಯಲ್ಲಿ ನಿಮ್ಮ ಷಡ್ಜ 196 ಹರ್ಟ್ಸ್, ತಂಬೂರಿಯ ಮಂದ್ರ ಷಡ್ಜ ಅದರ ಅರ್ಧ, 98 ಹರ್ಟ್ಸ್. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಅದರಿಂದ ಬರುವ ಗುಂಯ್ ಸದ್ದಿನಲ್ಲಿ 50 ಒಂದೇ ಇರುವುದಿಲ್ಲ, 100, 150, 200 ಹೀಗೆ ಅದರ ಮಡಿಗಳೂ ಇರುತ್ತವೆ. 98 ಮತ್ತು 100 ಒಟ್ಟಿಗೆ ಕೇಳಿದಾಗ ಸೆಕೆಂಡಿಗೆ ಎರಡು ಸಲ ಏರಿ ಇಳಿಯುತ್ತದೆ. ಮೇಲಿನ ಷಡ್ಜದಲ್ಲಿ 196 ಮತ್ತು 200 ಸೇರಿ ಸೆಕೆಂಡಿಗೆ ನಾಲ್ಕು. ತಂಬೂರಿ ಶ್ರುತಿ ಮಾಡುವಾಗ ಎರಡು ತಂತಿ ಕೂಡದಿದ್ದರೆ ಬರುವ ಅಲೆಯೇ ಇದು. ಇಲ್ಲಿ ಎರಡನೆಯ ತಂತಿ ನಿಮ್ಮ ಮನೆಯ ವೈರಿಂಗ್.

ಖಾತ್ರಿ ಮಾಡಿಕೊಳ್ಳಲು ಸುಮ್ಮನಿದ್ದಾಗ ಮಾಡಿದ ಎರಡನೆಯ ಫೈಲನ್ನು ಆಯ್ಕೆ ಮಾಡಿ ಅನಲೈಸ್, ಪ್ಲಾಟ್ ಸ್ಪೆಕ್ಟ್ರಮ್ ತೆರೆಯಿರಿ. ಸೈಜ್ 2048 ಇದ್ದರೆ ಗೆರೆಗಳು ಸುಮಾರು 21 ಹರ್ಟ್ಸ್ ಅಂತರದಲ್ಲಿ ಮಾತ್ರ ಸಿಗುತ್ತವೆ, ಏನೂ ತಿಳಿಯುವುದಿಲ್ಲ. 16384ಕ್ಕೆ ಏರಿಸಿ, ಆಕ್ಸಿಸ್ ಲಾಗ್ ಫ್ರೀಕ್ವೆನ್ಸಿ ಮಾಡಿ. 50, 100, 150ರಲ್ಲಿ ಮೊಳೆಗಳಂತೆ ಎದ್ದು ನಿಂತಿದ್ದರೆ ಅದು ಕರೆಂಟಿನದೇ.

ಆಡಿಯೊ_ಆಸಕ್ತ
ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಆಡಾಸಿಟಿಯಲ್ಲಿ ನಾಚ್ ಫಿಲ್ಟರ್ (ಒಂದೇ ಫ್ರೀಕ್ವೆನ್ಸಿಯನ್ನು ಕತ್ತರಿಸುವುದು) ಹಾಕಿ 50, 100 ಎರಡನ್ನೂ ತೆಗೆಯಿರಿ. ಆಮೇಲೆ ನಾಯ್ಸ್ ರಿಡಕ್ಷನ್: ಖಾಲಿ ಭಾಗ ಆಯ್ದು ಗೆಟ್ ನಾಯ್ಸ್ ಪ್ರೊಫೈಲ್, ಬಳಿಕ ಇಡೀ ಟ್ರ್ಯಾಕಿಗೆ 12 ಡಿಬಿ. ಐದು ನಿಮಿಷದ ಕೆಲಸ.

ಸಾಧನಾ_ಕೋಣೆ
ಮಾತಿಗೆ, ಅಂದರೆ ಕಥೆ ಓದುವುದಕ್ಕೆ, ಪಾಠಕ್ಕೆ ಆ ದಾರಿ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. 100ರ ಸುತ್ತ ನಾಚ್ ಹಾಕಿದರೆ 98ರ ಮಂದ್ರ ಷಡ್ಜವೂ ಅದರ ಜೊತೆಯೇ ಹೋಗುತ್ತದೆ, ಎರಡೇ ಹರ್ಟ್ಸ್ ಅಂತರ. 200ಕ್ಕೆ ಹಾಕಿದರೆ ಗಾಯಕಿಯ ಆಧಾರ ಷಡ್ಜಕ್ಕೇ ಕೈ ಹಾಕಿದಂತೆ. ಮೇಲಾಗಿ ಗ್ರಿಡ್ಡಿನ ಫ್ರೀಕ್ವೆನ್ಸಿ ಸರಿಯಾಗಿ 50ರಲ್ಲೇ ನಿಂತಿರುವುದಿಲ್ಲ, ತುಸು ಹಿಂದೆ ಮುಂದೆ ಆಡುತ್ತಲೇ ಇರುತ್ತದೆ. ಹಾಗಾಗಿ ತೀರಾ ಕಿರಿದಾದ ನಾಚ್ ಹಾಕಿದರೆ ಅದು ಗುರಿ ತಪ್ಪುತ್ತದೆ, ಅಗಲ ಮಾಡಿದರೆ ಶ್ರುತಿಯನ್ನು ನುಂಗುತ್ತದೆ.

ನಾಯ್ಸ್ ರಿಡಕ್ಷನ್ ಕೂಡ ವಿಂಡೋಸಿನ ಸಪ್ರೆಶನ್ನಿನ ಹಾಗೆಯೇ. ತಂಬೂರಿ ನುಡಿಯುತ್ತಿರುವ ಜಾಗದಿಂದ ಪ್ರೊಫೈಲ್ ತೆಗೆದುಕೊಂಡರೆ ತಂಬೂರಿಯೇ ಗದ್ದಲ ಎಂದು ಅದು ಕಲಿಯುತ್ತದೆ. ಹೆಚ್ಚು ಹಾಕಿದರೆ ಗಮಕದ ಸಣ್ಣ ಜಾರುಗಳು ನೀರಿನೊಳಗಿಂದ ಬಂದಂತೆ ಕೇಳುತ್ತವೆ.

ಹೈಪಾಸ್ ಬಗ್ಗೆಯೂ ಎಚ್ಚರ. 80 ಹರ್ಟ್ಸ್ ಕೆಳಗೆ ಕತ್ತರಿಸಿ ಎಂಬುದು ಎಲ್ಲೆಡೆ ಸಿಗುವ ಸಲಹೆ. ಗಂಡಸರ ಸಿ ಶಾರ್ಪ್ ಶ್ರುತಿಯಲ್ಲಿ ತಂಬೂರಿಯ ಮಂದ್ರ ಷಡ್ಜ 69 ಹರ್ಟ್ಸ್. ಅದನ್ನು ಕತ್ತರಿಸಿ ಆಮೇಲೆ ತಂಬೂರಿ ತೆಳುವಾಯಿತು ಎಂದರೆ ಏನು ಮಾಡುವುದು? ಗುಂಯ್ ಸದ್ದನ್ನು ಬರುವ ಜಾಗದಲ್ಲೇ ನಿಲ್ಲಿಸಬೇಕು.

ಮೂರು_ಪಿನ್
ನಿಮ್ಮ ಅಂಕಿಗಳು ಅದನ್ನೇ ಹೇಳುತ್ತಿವೆ ಮೇಡಂ. ಮೈಕ್ ಹಾಕಿದ ಕೂಡಲೇ 21 ಡಿಬಿ ಗದ್ದಲ ಏರಿದೆ. ಮದರ್‌ಬೋರ್ಡ್ ಪರವಾಗಿಲ್ಲ. ಈಗ ಒಂದೊಂದಾಗಿ ನೋಡಿ, ಪ್ರತಿ ಸಲವೂ ಮೀಟರ್ ಗಮನಿಸಿ.

ಮೊದಲು ಬರಿಗೈಯಲ್ಲಿ ಮೈಕಿನ ಲೋಹದ ಮೈಯನ್ನು ಹಿಡಿಯಿರಿ. ಗುಂಯ್ ಇಳಿದರೆ ಕೇಬಲ್ ಕವಚ ಅಥವಾ ಅರ್ಥಿಂಗ್ ದುರ್ಬಲ. ಎರಡನೆಯದು, ಕ್ಯಾಬಿನೆಟ್ಟಿನ ಪೇಂಟ್ ಇಲ್ಲದ ಲೋಹದ ಭಾಗಕ್ಕೆ ಕೈ ತಾಗಿದಾಗ ಜುಮ್ ಎನ್ನುತ್ತದೆಯೇ? ಹೌದಾದರೆ ಅರ್ಥಿಂಗ್ ಇಲ್ಲ ಎಂದೇ ಅರ್ಥ. ಕಂಪ್ಯೂಟರಿನ ಎಸ್‌ಎಂಪಿಎಸ್ (ಪವರ್ ಸಪ್ಲೈ ಪೆಟ್ಟಿಗೆ) ಒಳಗೆ ಫೇಸ್ ಮತ್ತು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿಗೆ ಒಂದೊಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ಅರ್ಥ್ ವೈರ್ ಇದ್ದರೆ ಅದರಲ್ಲಿ ಹರಿಯುವ ಅಲ್ಪ ಕರೆಂಟು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ ಸಪ್ಲೈ ವೋಲ್ಟೇಜಿನ ಸುಮಾರು ಅರ್ಧದಲ್ಲಿ ತೇಲುತ್ತಿರುತ್ತದೆ, ಮೈಕ್ ಕೇಬಲಿನ ಕವಚವೂ ಅದರ ಜೊತೆ.

ಸ್ಪೈಕ್ ಗಾರ್ಡ್‌ನಿಂದ ಗೋಡೆಗೆ ಹೋಗುವ ಪ್ಲಗ್ ನೋಡಿ. ನಡುವೆ ಎರಡು ಪಿನ್ನಿನ ಅಡಾಪ್ಟರ್ ಇದ್ದರೆ ಅದನ್ನು ಎಸೆಯಿರಿ. ಮೂರು ಪಿನ್ ನೇರವಾಗಿ ಹೋದರೂ ಜುಮ್ ಎನ್ನುತ್ತಿದ್ದರೆ ಸಾಕೆಟ್ಟಿನ ಹಿಂದೆ ಅರ್ಥ್ ವೈರ್ ಕಟ್ಟಿಲ್ಲ, ಇಲ್ಲವೇ ಅರ್ಥ್ ಪಿಟ್ ಒಣಗಿದೆ. ಇದನ್ನು ಎಲೆಕ್ಟ್ರಿಷಿಯನ್ ಕೈಲೇ ನೋಡಿಸಿ. ಮಲ್ಟಿಮೀಟರಿನಲ್ಲಿ ಫೇಸ್-ನ್ಯೂಟ್ರಲ್ ಸುಮಾರು 230 ವೋಲ್ಟ್, ಫೇಸ್-ಅರ್ಥ್ ಹತ್ತಿರ ಹತ್ತಿರ ಅಷ್ಟೇ, ನ್ಯೂಟ್ರಲ್-ಅರ್ಥ್ ಎರಡು ಮೂರು ವೋಲ್ಟಿನೊಳಗೆ ಇರಬೇಕು ಎಂದು ಕೇಳಿ. ರೆಕಾರ್ಡಿಂಗ್ ಹೇಗಾದರೂ ಇರಲಿ, ಇದು ಮನೆಯವರ ಜೀವದ ವಿಷಯ. ಗುಂಯ್ ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ತೆಗೆಯುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ.

ಅರ್ಥಿಂಗ್ ಸರಿ ಇದ್ದೂ ಗುಂಯ್ ಇದ್ದರೆ ಕಂಪ್ಯೂಟರಿಗೆ ಜೋಡಿಸಿದ ಬೇರೆ ವೈರುಗಳನ್ನು ಒಂದೊಂದಾಗಿ ಕಳಚಿ: ಕರೆಂಟಿನ ಸ್ಪೀಕರ್, ಟಿವಿಗೆ ಹೋಗುವ ಎಚ್‌ಡಿಎಂಐ, ಪ್ರಿಂಟರ್. ಟಿವಿಗೆ ಕೇಬಲ್ ಅಥವಾ ಡಿಶ್ಶಿನ ವೈರ್ ಬಂದಿದ್ದರೆ ಅದರ ಮೂಲಕ ಇನ್ನೊಂದು ಅರ್ಥ್ ದಾರಿ ಆಗಿರುತ್ತದೆ.

ಧಾರವಾಡ_ದನಿ
ಇನ್ನೊಂದು ಮಾತು ಸೇರಿಸ್ತೀನ್ರಿ. ಗುಂಯ್ ಬ್ಯಾರೆ, ಗರ್ರ್ ಅನ್ನೋ ಸದ್ದು ಬ್ಯಾರೆ. ಗುಂಯ್ ಮೆತ್ತಗ ಇರ್ತದ, 50, 100ರಾಗ. ಗರ್ರ್ ಅನ್ನೋದು ಚೂಪಾಗಿ, ಜೇನು ಎದ್ದಂಗ ಕೇಳಿದ್ರ ಅದು ಫ್ಯಾನ್ ರೆಗ್ಯುಲೇಟರ್ರದ್ದು ಇರ್ತದ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಒಂದೊಂದು ಅಲೀಗೂ ಕರೆಂಟ್ ಕಡದು ಕೊಡ್ತದ, ಅದಕ್ಕ ಅಷ್ಟು ಗದ್ದಲ. ಫ್ಯಾನ್ ಪೂರ್ತಿ ಆಫ್ ಮಾಡಿದ್ರ ನಿಂತತು ಅಂದ್ರ ಅದ. ಹಂಗ, ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮ್ಯಾಲೆ ರೆಕಾರ್ಡ್ ಮಾಡಬ್ಯಾಡ್ರಿ, ಅದರ ಗರ್ರ್ ಎಲ್ಲಾ ವೈರಿನಾಗೂ ಬರ್ತದ.

ಮೊಬೈಲ್ ಕೇಬಲ್ಲಿನ ಬಾಜೂಕ ಇಡಬ್ಯಾಡ್ರಿ. ಟಿಡಿ-ಟಿಡಿ-ಟಿಡಿ ಅಂತ ಬಂದ್ರ ಅದು ಮೊಬೈಲ್ ಸಿಗ್ನಲ್. ಮೈಕ್ ವೈರು ಮತ್ತ ಕರೆಂಟ್ ವೈರು ಜೋಡೀಲೆ ಕಟ್ಟಿದ್ರ ಬಿಚ್ಚಿ ಒಂದು ಮೊಳ ದೂರ ಇಡ್ರಿ. ದಾಟಸಲೇಬೇಕಂದ್ರ ಅಡ್ಡಡ್ಡ ದಾಟಸ್ರಿ, ಉದ್ದಕ್ಕ ಜೋಡಿ ಬ್ಯಾಡ.

ಪಂಚಮ
ಮೈಕ್ ಹಿಡಿದಾಗ ಸದ್ದು ಇಳಿಯುತ್ತದೆ. ಕ್ಯಾಬಿನೆಟ್ ಜುಮ್ ಎನ್ನುತ್ತದೆ. ಸ್ಪೈಕ್ ಗಾರ್ಡ್ ಎರಡು ಪಿನ್ನಿನ ಅಡಾಪ್ಟರಿನಲ್ಲಿತ್ತು. ಅದನ್ನು ತೆಗೆದು ಅಡುಗೆಮನೆ ಪಕ್ಕದ 16 ಆಂಪ್ ಸಾಕೆಟ್ಟಿನಿಂದ ಮೂರು ಪಿನ್ನಿನ ಎಕ್ಸ್‌ಟೆನ್ಶನ್ ಹಾಕಿ ನೋಡಿದೆ. ಸುಮ್ಮನಿದ್ದಾಗ -41 ಇದ್ದದ್ದು -55 ಆಗಿದೆ. ಅಲೆ ಪೂರ್ತಿ ನಿಂತಿದೆ. ಕೋಣೆಯ ಸಾಕೆಟ್ ನೋಡಲು ಎಲೆಕ್ಟ್ರಿಷಿಯನ್ನರಿಗೆ ಹೇಳಿದ್ದೇನೆ. ಈಗ ಉಳಿದದ್ದು ಸುಯ್ ಮತ್ತು ಸಣ್ಣ ದನಿ.

ಸಾಧನಾ_ಕೋಣೆ
ಸಣ್ಣ ದನಿಗೆ ಎರಡು ಕಾರಣ ಇರಬಹುದು. ದುಡ್ಡು ಖರ್ಚಿಲ್ಲದ್ದನ್ನು ಮೊದಲು ನೋಡೋಣ.

ಆ ಮಾದರಿಯ ಮೈಕಿಗೆ ಮೇಲ್ತುದಿಯಲ್ಲಿ ಹಾಡಬಾರದು, ಪಕ್ಕದಿಂದ ಹಾಡಬೇಕು. ಮೈಕ್ ನೆಟ್ಟಗೆ ನಿಲ್ಲಿಸಿ ಮುಂದೆ, ಹಿಂದೆ, ಮೇಲೆ ಮೂರೂ ಕಡೆಯಿಂದ ಒಂದೇ ದನಿಯಲ್ಲಿ ಸ ಹಿಡಿದು ರೆಕಾರ್ಡ್ ಮಾಡಿ. ಎಲ್ಲಿ ಜೋರಾಗಿಯೂ ತಿಳಿಯಾಗಿಯೂ ಇದೆಯೋ ಅದೇ ಅದರ ಮುಖ. ಇನ್ನು ದೂರ. ಎರಡು ಗೇಣು ದೂರದಿಂದ ಒಂದು ಗೇಣಿಗೆ ಬಂದರೆ ನಿಮ್ಮ ದನಿ ಹೆಚ್ಚುಕಡಿಮೆ 6 ಡಿಬಿ ಏರುತ್ತದೆ, ಕೋಣೆಯ ಗದ್ದಲವೂ ಮೈಕಿನ ಸುಯ್ ಸದ್ದೂ ಇದ್ದಲ್ಲೇ ಇರುತ್ತವೆ. ಯಾವ ಸಾಫ್ಟ್‌ವೇರೂ ಇಷ್ಟು ಶುದ್ಧವಾದ 6 ಡಿಬಿ ಕೊಡಲಾರದು. ಒಂದು ಗೇಣಿಗಿಂತ ತೀರಾ ಹತ್ತಿರ ಹೋದರೆ ಮಂದ್ರ ಸ್ವರಗಳು ಉಬ್ಬುತ್ತವೆ, ಉಸಿರು ಬಡಿಯುತ್ತದೆ.

ಕನ್ನಡಕ್ಕೆ ಉಸಿರಿನ ಬಡಿತ ವಿಶೇಷ ತೊಂದರೆ. ಭ, ಫ, ಧ, ಖ ಬಂದಾಗಲೆಲ್ಲ ಗಾಳಿ ನೇರ ಮೈಕಿಗೆ ಹೊಡೆದು ಧಪ್ ಎನ್ನುತ್ತದೆ. 'ಭಾಗ್ಯ'ದಂಥ ಪದದಿಂದ ಪಲ್ಲವಿ ಶುರುವಾದರೆ ಎತ್ತುಗಡೆಯೇ ಕೆಡುತ್ತದೆ. ಪಾಪ್ ಫಿಲ್ಟರನ್ನು ಮೈಕಿನಿಂದ ನಾಲ್ಕು ಬೆರಳು ಮುಂದೆ ಇಡಿ, ಮೈಕಿಗೆ ಅಂಟಿಸಿದರೆ ಕೆಲಸ ಮಾಡದು. ಜೊತೆಗೆ ಮೈಕನ್ನು ಬಾಯಿಯ ನೇರದಿಂದ 30 ಡಿಗ್ರಿಯಷ್ಟು ಪಕ್ಕಕ್ಕೆ ಸರಿಸಿ, ಮುಖ ಮಾತ್ರ ಬಾಯಿಯ ಕಡೆಗೇ ತಿರುಗಿರಲಿ. ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ, ದನಿ ಸಿಗುತ್ತದೆ.

ಕರಾವಳಿ_ಕೇಳುಗ
ಎರಡನೆಯ ಕಾರಣ ವಿದ್ಯುತ್ತು. ಈ ಬಗೆಯ ಕಂಡೆನ್ಸರ್ ಮೈಕ್ ಚೆನ್ನಾಗಿ ನಡೆಯಲು 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ಕೇಬಲಿನಲ್ಲೇ ಮೈಕಿಗೆ ಹೋಗುವ ವಿದ್ಯುತ್ತು) ಬೇಕು. ಗುಲಾಬಿ ಜ್ಯಾಕ್ ಕೊಡುವುದು ಎರಡರಿಂದ ಐದು ವೋಲ್ಟ್, ಚಿಕ್ಕ ಕಾಲರ್ ಮೈಕುಗಳಿಗೆಂದು ಇರುವುದು. ಬಿಎಂ 800 ಮಾದರಿಯವು ಅದರಲ್ಲೂ ಹೇಗೋ ಉಸಿರಾಡುತ್ತವೆ, ಆದರೆ ದನಿ ಸಣ್ಣ, ಸುಯ್ ಹೆಚ್ಚು.

ಆಡಿಯೊ_ಆಸಕ್ತ
ಹಾಗಾದರೆ ಬೆರಳುದ್ದದ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಸಾಲದೇ?

ಕರಾವಳಿ_ಕೇಳುಗ
ಅದರಲ್ಲೂ ಅದೇ ಕೆಲವೇ ವೋಲ್ಟ್. ಮದರ್‌ಬೋರ್ಡಿನ ಜ್ಯಾಕ್ ಕೆಟ್ಟಿದ್ದರೆ ಮಾತ್ರ ಉಪಯೋಗ. 48 ವೋಲ್ಟಿನ ಪ್ರತ್ಯೇಕ ಫ್ಯಾಂಟಮ್ ಪೆಟ್ಟಿಗೆ ಇನ್ನೊಂದು ದಾರಿ. ಅದರಿಂದ ಮೈಕ್ ಚೆನ್ನಾಗಿ ನಡೆಯುತ್ತದೆ, ಆದರೆ ಕೊನೆಗೆ ದನಿ ಮತ್ತೆ 3.5 ಎಂಎಂ ಕೇಬಲಿನಲ್ಲಿ ಗುಲಾಬಿ ಜ್ಯಾಕಿಗೇ ಹೋಗಬೇಕು, ಗುಂಯ್ ಸದ್ದಿಗೆ ಬಾಗಿಲು ತೆರೆದೇ ಇರುತ್ತದೆ. ಎಕ್ಸ್‌ಎಲ್‌ಆರ್ ಸಾಕೆಟ್ (ಮೂರು ಪಿನ್ನಿನ ದೊಡ್ಡ ಮೈಕ್ ಸಾಕೆಟ್) ಮತ್ತು 48 ವೋಲ್ಟ್ ಸ್ವಿಚ್ ಇರುವ ಯುಎಸ್‌ಬಿ ಇಂಟರ್‌ಫೇಸ್, ಅಂದರೆ ಮೈಕನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ, ತೆಗೆದುಕೊಳ್ಳುವುದೇ ಸರಿ. ಒಂದು ಮೈಕಿನದು ಸಾಕು. ಬೆಹ್ರಿಂಜರ್ ಯುಎಂ2, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಈ ಬಗೆಯವು. ದುಡ್ಡು ಸೀಮಿತವಾಗಿದ್ದರೆ ಮೈಕನ್ನು ಈಗ ಬದಲಿಸಬೇಡಿ, ಇಂಟರ್‌ಫೇಸ್ ಮೊದಲು.

ಅದರ ಜೊತೆಗೆ ಎರಡೂ ತುದಿಯಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಇರುವ ಕೇಬಲ್ ಕೊಳ್ಳಲು ಮರೆಯಬೇಡಿ. ಮೈಕ್ ಜೊತೆ ಬಂದ ಹಳೆಯ ಕೇಬಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೊಸ ಕೇಬಲಿನಲ್ಲಿ ಒಂದೇ ದನಿ ಎರಡು ತಂತಿಯಲ್ಲಿ ಉಲ್ಟಾ ಆಗಿ ಹೋಗುತ್ತದೆ, ದಾರಿಯಲ್ಲಿ ಸೇರಿದ ಗುಂಯ್ ಎರಡರಲ್ಲೂ ಒಂದೇ ತರ ಇರುವುದರಿಂದ ಇಂಟರ್‌ಫೇಸಿನಲ್ಲಿ ಕಳೆದುಹೋಗುತ್ತದೆ. ಕ್ರಮ: ಗೇನ್ (ಮೈಕಿನ ದನಿ ಏರಿಸುವ ಗುಂಡಿ) ಸೊನ್ನೆಗೆ, ಕೇಬಲ್ ಜೋಡಿಸಿ, 48 ವೋಲ್ಟ್ ಒತ್ತಿ, ಐದಾರು ಸೆಕೆಂಡು ಬಿಟ್ಟು ಗೇನ್ ಏರಿಸಿ. ಕಳಚುವಾಗ ತಿರುಗುಮುರುಗು.

ಡಾಲಸ್_ಕನ್ನಡಿಗ
ಇಲ್ಲಿ ಅಮೆರಿಕದಲ್ಲಿರುವವರಿಗೆ ಒಂದು ಟಿಪ್ಪಣಿ. ನಮ್ಮಲ್ಲಿ ಕರೆಂಟು 60 ಹರ್ಟ್ಸ್. ಹಾಗಾಗಿ ಮೇಲೆ ಹೇಳಿದ 50, 100ರ ಬದಲು 60, 120, 180 ನೋಡಬೇಕು. ಜಿ ಶ್ರುತಿಯವರಿಗೆ ಇಲ್ಲಿ ಆ ಅಲೆ ಬರುವುದಿಲ್ಲ. ಬಿ ಶ್ರುತಿಯವರಿಗೆ 123.5 ಮತ್ತು 120 ಹತ್ತಿರ ಬಂದು ತೊಂದರೆ ಕೊಡುತ್ತವೆ. ಊರಿನಿಂದ ತಂದ ಶ್ರುತಿಪೆಟ್ಟಿಗೆಯ ಅಡಾಪ್ಟರ್ ಮೇಲೆ 100–240 ವೋಲ್ಟ್, 50/60 ಹರ್ಟ್ಸ್ ಎಂದು ಬರೆದಿದೆಯೇ ನೋಡಿಯೇ ಹಾಕಿ.

ಪಂಚಮ
ಇಂಟರ್‌ಫೇಸ್ ಬಂತು. ಸುಮ್ಮನಿದ್ದಾಗ -63, ಹಾಡಿದಾಗ -20ರ ಹತ್ತಿರ. ಇಷ್ಟು ವ್ಯತ್ಯಾಸ ನಿರೀಕ್ಷಿಸಿರಲಿಲ್ಲ. ಮೂರು ಹೊಸ ಪ್ರಶ್ನೆಗಳಿವೆ. ದನಿ ಎಡಕಿವಿಯಲ್ಲಿ ಮಾತ್ರ ಕೇಳುತ್ತದೆ. ನಡುನಡುವೆ ಟಿಕ್ ಟಿಕ್ ಎಂದು ಮುರಿಯುತ್ತದೆ. ಮತ್ತೆ ಒಂದು ಸಲ ಇನ್‌ವ್ಯಾಲಿಡ್ ಸ್ಯಾಂಪಲ್ ರೇಟ್, -9997 ಎಂಬ ಸಂದೇಶ ಬಂತು.

ಲಿನಕ್ಸ್_ಹಾಸನ
ಕೊನೆಯದಕ್ಕೆ ಮೊದಲು. ಸ್ಯಾಂಪಲ್ ರೇಟ್ ಎಂದರೆ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಎಂಬ ಲೆಕ್ಕ. ವಿಂಡೋಸಿನಲ್ಲಿ ಇಂಟರ್‌ಫೇಸಿನ ಫಾರ್ಮ್ಯಾಟ್ 48000 ಇದ್ದು ಆಡಾಸಿಟಿಯ ಪ್ರಾಜೆಕ್ಟ್ 44100 ಇದ್ದರೆ ಹಾಗಾಗುತ್ತದೆ. ಎರಡೂ ಕಡೆ 48000 ಮಾಡಿ. ಇನ್‌ಪುಟ್, ಔಟ್‌ಪುಟ್ ಎರಡಕ್ಕೂ ಅದೇ. ಸಂದೇಶ ಬಂದು ನಿಂತರೆ ಅದು ಒಳ್ಳೆಯದೇ, ಕೆಲವೊಮ್ಮೆ ಸಂದೇಶವಿಲ್ಲದೆ 48000ದಲ್ಲಿ ಮಾಡಿದ್ದು 44100 ಎಂದು ನುಡಿಯುತ್ತದೆ. ಆಗ ಹಾಡು ನಿಧಾನವಾಗಿ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿಯುತ್ತದೆ. ಶ್ರುತಿ ಇಳಿದು ಕಾಲಪ್ರಮಾಣವೂ ಜಗ್ಗಿದಂತೆ ಕೇಳಿದರೆ ಮೊದಲು ಸ್ಯಾಂಪಲ್ ರೇಟ್ ನೋಡಿ.

ಆಡಾಸಿಟಿಯ ಆಡಿಯೊ ಸೆಟಪ್‌ನಲ್ಲಿ ಹೋಸ್ಟ್ (ಆಡಾಸಿಟಿ ವಿಂಡೋಸಿನಿಂದ ದನಿ ಪಡೆಯುವ ದಾರಿ) ಎಂಎಂಇ ಇದ್ದರೆ ವಿಂಡೋಸ್ ವಾಸಪಿಗೆ ಬದಲಿಸಿ. ಎಂಎಂಇ, ಡೈರೆಕ್ಟ್‌ಸೌಂಡ್ ಎರಡರಲ್ಲೂ 24 ಬಿಟ್ ಸಿಗುವುದಿಲ್ಲ.

ಎಡಕಿವಿ: ಇಂಟರ್‌ಫೇಸಿನ ಒಂದನೆಯ ಸಾಕೆಟ್ ಎಡ, ಎರಡನೆಯದು ಬಲ. ಆಡಿಯೊ ಸೆಟಪ್‌ನಲ್ಲಿ ರೆಕಾರ್ಡಿಂಗ್ ಚಾನೆಲ್ ಮೊನೊ ಮಾಡಿ. ಈಗಾಗಲೇ ಸ್ಟೀರಿಯೊ ಆಗಿ ಹಾಡಿದ್ದನ್ನು ಮಿಕ್ಸ್ ಸ್ಟೀರಿಯೊ ಡೌನ್ ಟು ಮೊನೊ ಮಾಡಬೇಡಿ, ಖಾಲಿ ಬಲಗಡೆಯನ್ನೂ ಸೇರಿಸಿ ಸರಾಸರಿ ತೆಗೆಯುವುದರಿಂದ ದನಿ 6 ಡಿಬಿ ಇಳಿಯುತ್ತದೆ. ಟ್ರ್ಯಾಕಿನ ಹೆಸರಿನ ಮೆನುವಿನಲ್ಲಿ ಸ್ಪ್ಲಿಟ್ ಸ್ಟೀರಿಯೊ ಟು ಮೊನೊ ಒತ್ತಿ ಖಾಲಿಯದನ್ನು ಅಳಿಸಿ.

ಟಿಕ್ ಟಿಕ್ ಬಗ್ಗೆ: ಕ್ಯಾಬಿನೆಟ್ ಮುಂದಿನ ಯುಎಸ್‌ಬಿ, ಹಬ್ ಎರಡೂ ಬೇಡ, ಹಿಂದಿನ ಪೋರ್ಟಿಗೇ ಹಾಕಿ. ಪವರ್ ಆಪ್ಷನ್ಸ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಆಯ್ದು, ಅದರ ಅಡ್ವಾನ್ಸ್ಡ್ ಪಟ್ಟಿಯಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಡಿಸೇಬಲ್ ಮಾಡಿ. ಆಡಾಸಿಟಿಯ ಬಫರ್ ಲೆಂತ್ 100 ಮಿಲಿಸೆಕೆಂಡಿನಿಂದ 200ಕ್ಕೆ ಏರಿಸಿ. ಇನ್ನೊಂದು ಮುಖ್ಯ ಪ್ರಶ್ನೆ, ಪ್ರಾಜೆಕ್ಟ್ ಫೈಲನ್ನು ಎಲ್ಲಿ ಉಳಿಸಿದ್ದೀರಿ?

ಪಂಚಮ
ಡೆಸ್ಕ್‌ಟಾಪ್ ಫೋಲ್ಡರಿನಲ್ಲಿ. ಅದರ ಮೇಲೆ ನೀಲಿ ಮೋಡದ ಗುರುತು ಇದೆ.

ಲಿನಕ್ಸ್_ಹಾಸನ
ಸಿಕ್ಕಿತು. ಆ ಮೋಡ ಎಂದರೆ ಫೋಲ್ಡರ್ ಒನ್‌ಡ್ರೈವ್ ಎಂಬ ಆನ್‌ಲೈನ್ ಸಂಗ್ರಹಕ್ಕೆ ಸೇರಿದೆ, ಅದರ ಜೊತೆ ಸಿಂಕ್ ಆಗುತ್ತಿರುತ್ತದೆ. ಆಡಾಸಿಟಿಯ ಪ್ರಾಜೆಕ್ಟ್ ಫೈಲ್ (ಎಯುಪಿ3) ನೀವು ಹಾಡುತ್ತಿರುವಷ್ಟು ಹೊತ್ತೂ ಬದಲಾಗುತ್ತಲೇ ಇರುತ್ತದೆ, ಸಿಂಕ್ ಅದರ ಬೆನ್ನು ಬಿಡುವುದಿಲ್ಲ. ಸಿ ಅಥವಾ ಡಿ ಡ್ರೈವಿನಲ್ಲಿ ಹೊಸ ಫೋಲ್ಡರ್ ಮಾಡಿ ಅಲ್ಲೇ ಉಳಿಸಿ. ಪೆನ್‌ಡ್ರೈವಿನಲ್ಲೂ ನೇರವಾಗಿ ರೆಕಾರ್ಡ್ ಮಾಡಬಾರದು, ಮುಗಿದ ಮೇಲೆ ಕಾಪಿ ಮಾಡಿ. ಜಾಗದ ಲೆಕ್ಕಕ್ಕೆ, ಮೊನೊ 48000, 24 ಬಿಟ್ ಡಬ್ಲ್ಯುಎವಿ ನಿಮಿಷಕ್ಕೆ ಸುಮಾರು 8.6 ಎಂಬಿ. ಪ್ರಾಜೆಕ್ಟ್ 32 ಬಿಟ್ ಫ್ಲೋಟಿನಲ್ಲಿ ಇರುವುದರಿಂದ ಇನ್ನೂ ಸ್ವಲ್ಪ ಹೆಚ್ಚು ತಿನ್ನುತ್ತದೆ.

ಇದಾದ ಮೇಲೂ ಟಿಕ್ ಬಂದರೆ ಲೇಟೆನ್ಸಿಮಾನ್ ಎಂಬ ಉಚಿತ ಪ್ರೋಗ್ರಾಂ ಹಾಕಿ ಹತ್ತು ನಿಮಿಷ ಓಡಿಸಿ. ಯಾವ ಡ್ರೈವರ್ ಅಡ್ಡ ಬರುತ್ತಿದೆ ಎಂದು ಹೆಸರು ಹೇಳುತ್ತದೆ. ವೈಫೈ ಡ್ರೈವರ್ ಸಿಕ್ಕಿಬೀಳುವುದು ಹೆಚ್ಚು. ರೆಕಾರ್ಡಿಂಗ್ ಹೊತ್ತಿಗೆ ವೈಫೈ ಆಫ್ ಮಾಡಿದರೆ ಸಾಕು.

ಸಾಧನಾ_ಕೋಣೆ
ಗೇನ್ ಇಡುವ ಬಗ್ಗೆ ಒಂದು ಮಾತು. ಮೈಕ್ ಟೆಸ್ಟಿಂಗ್ ಎಂದು ಮಾತಾಡಿ ಗೇನ್ ಇಡಬೇಡಿ. ಆ ಹಾಡಿನಲ್ಲಿ ನೀವು ಏರುವ ಅತಿ ಎತ್ತರದ ಜಾಗ, ತಾರಸ್ಥಾಯಿಯ ಗಾಂಧಾರವೋ ಪಂಚಮವೋ, ಅದನ್ನು ಪೂರ್ಣ ಕಂಠದಲ್ಲಿ ಹಾಡಿ. ಅಲ್ಲಿ ಮೀಟರ್ -10ರಿಂದ -6 ಡಿಬಿಯೊಳಗೆ ನಿಲ್ಲಬೇಕು. ಮಂದ್ರದಲ್ಲಿ ಸಣ್ಣಗೆ ಕಂಡರೆ ಗಾಬರಿ ಬೇಡ, 24 ಬಿಟ್‌ನಲ್ಲಿ ಆಮೇಲೆ ಏರಿಸಬಹುದು. ಮೇಲೆ 0 ಮುಟ್ಟಿ ಅಲೆಯ ತಲೆ ಚಪ್ಪಟೆಯಾದರೆ ಮಾತ್ರ ಅದನ್ನು ಮರಳಿ ತರಲಾಗದು.

ಇನ್ನು ತಂಬೂರಿಯನ್ನು ಕೋಣೆಯಲ್ಲಿ ಹಾಕಿ ಮೈಕಿಗೆ ಬಿಡುವುದನ್ನು ನಿಲ್ಲಿಸಿ. ಹೆಡ್‌ಫೋನಿನಲ್ಲಿ ಒಂದು ಕಿವಿಗೆ ಕೇಳಿಸಿಕೊಂಡು ಹಾಡಿ, ಕಿವಿ ಮುಚ್ಚುವ ಬಗೆಯದೇ ಇರಲಿ. ದನಿ ಬೇರೆ ಟ್ರ್ಯಾಕ್, ತಂಬೂರಿ ಬೇರೆ ಟ್ರ್ಯಾಕ್. ಆಗ ದನಿಯಲ್ಲಿ ಒಂದು ಸಾಲು ತಿದ್ದಿ ಹಾಡಿದರೂ ತಂಬೂರಿ ಮುರಿಯುವುದಿಲ್ಲ, ಎಷ್ಟು ಹಿಂದೆ ಇರಬೇಕೆಂದು ಆಮೇಲೆ ನಿರ್ಧರಿಸಬಹುದು. ಬ್ಲೂಟೂತ್ ಹೆಡ್‌ಸೆಟ್ ಬೇಡ. ಅದರ ಮೈಕ್ ಚಾಲೂ ಆದ ಕೂಡಲೇ ಅದು ಫೋನ್ ಕರೆಯ ಗುಣಮಟ್ಟಕ್ಕೆ ಇಳಿದು ತಂಬೂರಿ ತಗಡಿನಂತೆ ಕೇಳುತ್ತದೆ, ತಡವೂ ಆಗುತ್ತದೆ.

ಮೊಸಾಯಿಕ್ ನೆಲ, ಬರಿಗೋಡೆಯ ಕೋಣೆಯಾದರೆ ಚಪ್ಪಾಳೆ ತಟ್ಟಿ ನೋಡಿ. ಟಣ್ ಎಂದು ಮರಳಿದರೆ ನಿಮ್ಮ ಬೆನ್ನ ಹಿಂದೆ ದಪ್ಪ ರಜಾಯಿ ತೂಗುಹಾಕಿ, ನೆಲಕ್ಕೆ ಜಮಖಾನೆ ಹಾಸಿ. ಮೈಕ್ ನೋಡುತ್ತಿರುವುದು ನಿಮ್ಮನ್ನು ಮತ್ತು ನಿಮ್ಮ ಹಿಂದಿನ ಗೋಡೆಯನ್ನು, ಹಾಗಾಗಿ ರಜಾಯಿ ಮೈಕಿನ ಹಿಂದಕ್ಕಿಂತ ನಿಮ್ಮ ಹಿಂದೆ ಹೆಚ್ಚು ಕೆಲಸ ಮಾಡುತ್ತದೆ.

ಪಂಚಮ
ಟಿಕ್ ನಿಂತಿತು, ಎರಡು ಕಿವಿಯಲ್ಲೂ ದನಿ ಬಂತು. ಕೊನೆಯ ಪ್ರಶ್ನೆ. ಮೃದಂಗದ ಟ್ರ್ಯಾಕ್ ಹಾಕಿಕೊಂಡು ಹಾಡಿದರೆ, ಕೇಳುವಾಗ ನನ್ನ ದನಿ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ತಂಬೂರಿಗೆ ಈ ತೊಂದರೆ ಇಲ್ಲ.

ಲಿನಕ್ಸ್_ಹಾಸನ
ತಂಬೂರಿ ಒಂದೇ ಸಮ ಇರುವುದರಿಂದ ಹಿಂದೆ ಮುಂದೆ ಆದದ್ದು ತಿಳಿಯುವುದಿಲ್ಲ, ಮೃದಂಗದಲ್ಲಿ ತಿಳಿಯುತ್ತದೆ. ಹೆಡ್‌ಫೋನನ್ನು ಕಂಪ್ಯೂಟರಿಗೆ ಹಾಕದೆ ಇಂಟರ್‌ಫೇಸಿಗೇ ಹಾಕಿ. ಎರಡು ಬೇರೆ ಬೇರೆ ಸಾಧನಗಳ ಗಡಿಯಾರ ಸರಿಹೊಂದುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಹತ್ತು ನಿಮಿಷದ ಕೊನೆಗೆ 30 ಮಿಲಿಸೆಕೆಂಡು ಜಾರಿರುತ್ತದೆ, ಅದನ್ನು ಯಾವ ಸೆಟ್ಟಿಂಗೂ ಸರಿ ಮಾಡದು.

ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿ ಹಿಂದೆ ಬಿದ್ದಿದ್ದರೆ ಲೇಟೆನ್ಸಿ ಕಾಂಪೆನ್ಸೇಶನ್ (ತಡವನ್ನು ಸರಿದೂಗಿಸುವ ಅಂಕಿ) ಸರಿಪಡಿಸಬೇಕು. ಜನರೇಟ್ ಮೆನುವಿನಲ್ಲಿ ರಿದಮ್ ಟ್ರ್ಯಾಕ್ ಮಾಡಿ. ಹೆಡ್‌ಫೋನಿನ ಒಂದು ಬಟ್ಟಲನ್ನು ಮೈಕಿಗೆ ಒತ್ತಿ ಹಿಡಿದು, ಆ ಟಕ್ ಟಕ್ ಸದ್ದನ್ನು ಹೊಸ ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ಝೂಮ್ ಮಾಡಿ ಮೂಲ ಟಕ್ ಶುರುವಾಗುವ ಜಾಗದಿಂದ ರೆಕಾರ್ಡ್ ಆದ ಟಕ್ ಶುರುವಾಗುವ ಜಾಗದವರೆಗೆ ಆಯ್ಕೆ ಮಾಡಿ, ಕೆಳಗೆ ಉದ್ದ ಓದಿ. ಪ್ರಿಫರೆನ್ಸಸ್, ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಲೇಟೆನ್ಸಿ ಕಾಂಪೆನ್ಸೇಶನ್ ಸಾಮಾನ್ಯವಾಗಿ -130 ಇರುತ್ತದೆ. ರೆಕಾರ್ಡ್ ಆದದ್ದು ತಡವಾಗಿದ್ದರೆ ನೀವು ಅಳೆದ ಉದ್ದವನ್ನು (ಮಿಲಿಸೆಕೆಂಡಿನಲ್ಲಿ) ಆ -130ರಿಂದ ಕಳೆಯಿರಿ.

ಪಂಚಮ
41 ಮಿಲಿಸೆಕೆಂಡು ತಡವಿತ್ತು. -171 ಹಾಕಿದೆ. ಈಗ ಟಕ್ ಮೇಲೆ ಟಕ್ ಕೂತಿದೆ, ಮೃದಂಗವೂ ಸರಿ ಬರುತ್ತಿದೆ. ಎಲ್ಲರಿಗೂ ತುಂಬಾ ಧನ್ಯವಾದ.

ಲಿನಕ್ಸ್_ಹಾಸನ
ಸಂತೋಷ ಮೇಡಂ. ಆ -171 ನಿಮ್ಮ ಈಗಿನ ಹೋಸ್ಟ್, ಬಫರ್, ಸ್ಯಾಂಪಲ್ ರೇಟಿಗೆ ಮಾತ್ರ ಸೇರಿದ್ದು. ಬಫರನ್ನು ಮತ್ತೆ ಬದಲಿಸಿದರೆ, ಡ್ರೈವರ್ ಅಪ್‌ಡೇಟ್ ಆದರೆ ಅದೇ ಟಕ್ ಪರೀಕ್ಷೆ ಮತ್ತೊಮ್ಮೆ ಮಾಡಿಕೊಳ್ಳಿ. ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದ ಮೇಲೆ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಆಗಿಯೇ ಉಳಿದಿದೆಯೇ ಎಂಬುದನ್ನೂ ನೋಡಿಕೊಂಡು ಹಾಡಲು ಕೂರಿ.